ಹಾಲಿನ ಲೆಕ್ಕದ ಏಳುನೂರು ಸಾಲು

ಆ ಪ್ರೋಗ್ರಾಮು ಮಾಡುತ್ತಿದ್ದ ಕೆಲಸವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದು. ಹಳ್ಳಿಯ ಹಾಲು ಸಂಗ್ರಹಣಾ ಕೇಂದ್ರದಿಂದ ರೈತರ ಸಂಖ್ಯೆ, ಲೀಟರು, ಜಿಡ್ಡು, ಲ್ಯಾಕ್ಟೋಮೀಟರ್ ಓದು ಬರುತ್ತಿತ್ತು. ಲೀಟರಿಗೆ ದರ ಎಷ್ಟು, ರೈತನಿಗೆ ಸೇರಬೇಕಾದ ಹಣ ಎಷ್ಟು ಎಂದು ಇದು ತಿರುಗಿ ಹೇಳುತ್ತಿತ್ತು. ಕೋಲಾರದ ಕಡೆಯ ಒಂದು ಖಾಸಗಿ ಡೈರಿಗೆ ನಮ್ಮ ಬೆಂಗಳೂರಿನ ಸಣ್ಣ ಕಂಪನಿ ಬರೆದುಕೊಟ್ಟಿದ್ದ ಜಾವಾ ವೆಬ್ ಸರ್ವೀಸ್ ಅದು. 2016ರಲ್ಲಿ ನನ್ನ ಪಾಲಿಗೆ ಬಂದಾಗ ಅದನ್ನು ಬರೆದವರು ಕಂಪನಿ ಬಿಟ್ಟು ವರ್ಷಗಳಾಗಿದ್ದವು. ಒಂದೇ ಸರ್ವ್‌ಲೆಟ್, ಅದರೊಳಗೆ ಡೂಪೋಸ್ಟ್ ಎಂಬ ಒಂದೇ ಮೆಥಡ್, ಆ ಮೆಥಡ್ಡಿನ ತುಂಬ ಹತ್ತಿರ ಹತ್ತಿರ ಏಳುನೂರು ಸಾಲು.

ಬಂದ ಮಾಹಿತಿಯನ್ನು ಬಿಡಿಸುವುದು ಮೊದಲು. ಆಮೇಲೆ ಡೇಟಾಬೇಸಿಗೆ ಕನೆಕ್ಷನ್. ರೈತರ ಸಂಖ್ಯೆಯನ್ನು ತುಂಡು ತುಂಡು ಅಕ್ಷರಗಳ ನಡುವೆ ಅಂಟಿಸಿ ಕಟ್ಟಿದ ಎಸ್‌ಕ್ಯೂಎಲ್. ಇಫ್‌ನೊಳಗೆ ಇಫ್, ಅದರೊಳಗೆ ಇನ್ನೊಂದು ಇಫ್, ನಡುವೆ ಎಲ್ಲೋ ದರ, ಇನ್ನೆಲ್ಲೋ ರೈತನಿಗೆ ಎಸ್ಸೆಮ್ಮೆಸ್. ಕೊನೆಯಲ್ಲಿ ಯಾವ ದೋಷ ಬಂದರೂ ಹಿಡಿದು ಸುಮ್ಮನಾಗಿಬಿಡುವ ಒಂದು ಕ್ಯಾಚ್. ವೇರಿಯಬಲ್‌ಗಳ ಹೆಸರು ಎಫ್, ಎಸ್, ಎಎಂಟಿ2, ಟೆಂಪ್, ಫ್ಲ್ಯಾಗ್1. ತಪ್ಪಾದರೂ ಸರಿಯಾದರೂ ಹೊರಗೆ ಹೋಗುತ್ತಿದ್ದ ಎಚ್‌ಟಿಟಿಪಿ ಉತ್ತರ ಮಾತ್ರ 200, ಅಂದರೆ ಎಲ್ಲ ಸರಿಯಿದೆ ಎಂದೇ.

ಇಂಥ ಕೋಡನ್ನು ಬೈಯುವುದು ಸುಲಭ. ಬೈದವರೂ ಇದ್ದರು. ಆದರೆ ಸಾಲುಗಳನ್ನು ನಿಧಾನವಾಗಿ ಓದುತ್ತಾ ಹೋದಂತೆ ಅದರ ಚರಿತ್ರೆ ಕಾಣತೊಡಗಿತು. ಶುರುವಿನಲ್ಲಿ ಡೈರಿಗೆ ಇದ್ದದ್ದು ಒಂದೇ ದರ. ಆಗ ನಲವತ್ತು ಸಾಲಿನ ಸರ್ವ್‌ಲೆಟ್ ಸಾಕಾಗಿತ್ತು, ಅದಕ್ಕಿಂತ ಹೆಚ್ಚು ಬರೆದಿದ್ದರೆ ಅದೇ ಅತಿಯಾಗುತ್ತಿತ್ತು. ಆಮೇಲೆ ಜಿಡ್ಡಿನ ಲೆಕ್ಕ ಬಂತು, ಬೇಸಿಗೆಯ ಹೆಚ್ಚುವರಿ ಬಂತು, ಕೆಲವು ಕೇಂದ್ರಗಳಿಗೆ ಹಾಲು ತಂಪು ಮಾಡುವ ಬಲ್ಕ್ ಕೂಲರ್ ಬಂತು. ಪ್ರತಿಯೊಂದೂ ಒಂದು ಫೋನ್ ಕರೆಯಾಗಿ ಬಂದು ಒಂದು ಇಫ್ ಆಗಿ ಒಳಗೆ ಕೂತಿತ್ತು. ಯಾವ ಇಫ್ ಕೂಡ ತನ್ನಷ್ಟಕ್ಕೆ ಅವಿವೇಕದ್ದಲ್ಲ.

ಇದನ್ನು ಒಪ್ಪಮಾಡಲು ಸಮಯ ಬೇಕು ಎಂದು ಮ್ಯಾನೇಜರ್ ಬಳಿ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಡೈರಿಯವರಿಗೆ ಇದರಿಂದ ಹೊಸದೇನು ಸಿಗುತ್ತೆ?"

"ಏನೂ ಇಲ್ಲ ಸರ್" ಅಂದೆ.

ಅದು ಉಡಾಫೆಯ ಉತ್ತರವಾಗಿರಲಿಲ್ಲ. ರಿಫ್ಯಾಕ್ಟರಿಂಗ್ ಅಂದರೆ ಅದೇ. ಹೊರಗಿನಿಂದ ನೋಡುವವರಿಗೆ ನಡವಳಿಕೆ ಬದಲಾಗಬಾರದು, ಒಳಗಿನ ರಚನೆ ಮಾತ್ರ ಬದಲಾಗಬೇಕು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಪ್ಡೈಕ್ 1992ರಲ್ಲಿ ಇದರ ಬಗ್ಗೆಯೇ ಪಿಎಚ್‌ಡಿ ಪ್ರಬಂಧ ಬರೆದರು. ಮಾರ್ಟಿನ್ ಫೌಲರ್ 1999ರಲ್ಲಿ ತಂದ 'ರಿಫ್ಯಾಕ್ಟರಿಂಗ್' ಪುಸ್ತಕದಿಂದ ಆ ಮಾತು ಎಲ್ಲ ಪ್ರೋಗ್ರಾಮರುಗಳ ಬಾಯಿಗೆ ಬಂತು. ಆ ಪುಸ್ತಕದ ಮೊದಲ ಉದಾಹರಣೆ ವಿಡಿಯೋ ಅಂಗಡಿಯೊಂದರ ಬಿಲ್ಲು ಮುದ್ರಿಸುವ ಜಾವಾ ಪ್ರೋಗ್ರಾಮು. ಅಲ್ಲಿ ಕ್ಯಾಸೆಟ್ಟಿನ ಬಾಡಿಗೆ, ಇಲ್ಲಿ ಹಾಲಿನ ದರ, ತೊಡಕು ಮಾತ್ರ ಒಂದೇ ಜಾತಿಯದು.

ಮ್ಯಾನೇಜರನ್ನು ಒಪ್ಪಿಸಿದ್ದು ಪುಸ್ತಕವಲ್ಲ, ಮಾರ್ಚ್ ತಿಂಗಳು. ಬೇಸಿಗೆಯಲ್ಲಿ ಹಾಲು ಕಡಿಮೆಯಾಗುತ್ತದೆ, ಡೈರಿಗಳು ದರ ಏರಿಸುತ್ತವೆ. ಪ್ರತಿ ಸಲವೂ ನಾವು ಕೋಡಿನೊಳಗೆ ಕೈ ಹಾಕಿ ಅಂಕಿ ತಿದ್ದಿ, ಸಂಜೆ ಹಾಲು ಶುರುವಾಗುವ ಮೊದಲು ಉಸಿರು ಬಿಗಿಹಿಡಿದು ಟಾಮ್‌ಕ್ಯಾಟ್ ಸರ್ವರ್ ಮೇಲೆ ಏರಿಸುತ್ತಿದ್ದೆವು. ಮುಂದಿನ ಬೇಸಿಗೆಗೆ ಅದು ತಪ್ಪುತ್ತದೆ ಅಂದೆ. ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ಕೇಂದ್ರಗಳಲ್ಲಿರುವ ಯಂತ್ರಗಳಿಗೆ ಏನೂ ಗೊತ್ತಾಗಬಾರದು. ಹಾಗಾಗಿ ಆ ಸುಳ್ಳು 200 ಕೂಡ ಹಾಗೇ ಉಳಿಯಬೇಕಾಯಿತು. ಕೇಂದ್ರದ ಹಳೇ ಸಾಫ್ಟ್‌ವೇರ್ ಉತ್ತರದ ಮೊದಲ ಅಕ್ಷರಗಳನ್ನು ನೋಡಿಯೇ ಸರಿ ತಪ್ಪು ಗುರುತಿಸುತ್ತಿತ್ತು.

ನಮ್ಮ ತಂಡದಲ್ಲಿ ಧಾರವಾಡದ ಹಿರಿಯರೊಬ್ಬರಿದ್ದರು. ಮಾತು ಕಡಿಮೆ. ನಾನು ಮೊದಲ ದಿನವೇ ಕ್ಲಾಸುಗಳ ಚಿತ್ರ ಬರೆದುಕೊಂಡು ಅವರ ಮುಂದೆ ನಿಂತಾಗ ಅದನ್ನು ಪಕ್ಕಕ್ಕಿಟ್ಟರು. "ಮೊದಲು ಅದು ಈಗ ಏನ್ ಮಾಡತದ ಅನ್ನೋದನ್ನ ಬರದಿಡ್ರಿ. ಸರಿಯೋ ತಪ್ಪೋ ಆಮ್ಯಾಲ ನೋಡೋಣು."

ಮೈಕೆಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ. ಟೆಸ್ಟ್ ಇಲ್ಲದ ಕೋಡೆಲ್ಲ ಅವರ ಪ್ರಕಾರ ಪಿತ್ರಾರ್ಜಿತ ಕೋಡೇ, ನಿನ್ನೆ ಬರೆದದ್ದಾದರೂ ಸರಿ. ಅಂಥದ್ದನ್ನು ಮುಟ್ಟುವ ಮೊದಲು ಅದರ ಸದ್ಯದ ಸ್ವಭಾವವನ್ನು ಇದ್ದ ಹಾಗೇ ಟೆಸ್ಟುಗಳಲ್ಲಿ ಹಿಡಿದಿಡಬೇಕು. ಹಳೆಯ ದಾಖಲೆಗಳಿಂದ ಬಗೆಬಗೆಯ ನಮೂನೆ ಆರಿಸಿದೆ: ಕಡಿಮೆ ಜಿಡ್ಡು, ಹೆಚ್ಚು ಜಿಡ್ಡು, ಬೆಳಗಿನ ಹೊತ್ತು, ಸಂಜೆ ಹೊತ್ತು, ಕೂಲರ್ ಇದ್ದ ಕೇಂದ್ರ, ಇಲ್ಲದ ಕೇಂದ್ರ. ಹಳೇ ಕೋಡಿಗೆ ಅವನ್ನು ಕೊಟ್ಟು ಅದು ಏನು ಉತ್ತರ ಕೊಟ್ಟಿತೋ ಅದನ್ನೇ 'ಸರಿ' ಎಂದು ಬರೆದುಕೊಂಡೆ.

ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ದರದ ಲೆಕ್ಕವೊಂದನ್ನೇ ಹಿಡಿದು ಪರೀಕ್ಷಿಸೋಣ ಅಂದರೆ ಅದಕ್ಕೆ ಡೇಟಾಬೇಸ್ ಬೇಕು, ನಡುವೆ ಇವತ್ತಿನ ತಾರೀಖು ಬೇಕು. ಡಿಸೆಂಬರಿನಲ್ಲಿ ಕೂತು ಏಪ್ರಿಲ್ ತಿಂಗಳ ದರ ಪರೀಕ್ಷಿಸಬೇಕಾದರೆ ಕಂಪ್ಯೂಟರಿನ ಗಡಿಯಾರವನ್ನೇ ತಿರುಗಿಸಬೇಕು. ಆದ್ದರಿಂದ ಮೊದಲ ಬದಲಾವಣೆ ತೀರ ಸಣ್ಣದು: ಲೆಕ್ಕದ ಸಾಲುಗಳನ್ನು ಆಯ್ದು, ಎಕ್ಲಿಪ್ಸಿನಲ್ಲಿ ಆಲ್ಟ್, ಶಿಫ್ಟ್, ಎಂ ಒತ್ತಿ ಬೇರೆ ಮೆಥಡ್ ಮಾಡಿದ್ದು. ದಿನಾಂಕವನ್ನು ಒಳಗೆ ಹುಟ್ಟಿಸುವ ಬದಲು ಹೊರಗಿನಿಂದ ಕೊಟ್ಟದ್ದು. ಅಷ್ಟಾದ ಮೇಲೆ ಟೆಸ್ಟು ಓಡಿತು.

ಆ ದಿನಾಂಕದ ಸಾಲು ಸ್ವತಃ ಒಂದು ಒಗಟು. ಬೇಸಿಗೆಯ ಹೆಚ್ಚುವರಿಗೆ ತಿಂಗಳ ಸಂಖ್ಯೆ 2ರಿಂದ 4ರವರೆಗೆ ಇರಬೇಕು ಎಂದು ಬರೆದಿತ್ತು. ಫೆಬ್ರವರಿಯಿಂದ ಏಪ್ರಿಲ್ ಎಂದು ಓದುವುದು ಸಹಜ. ಆದರೆ ಜಾವಾದ ಹಳೇ ಕ್ಯಾಲೆಂಡರ್ ಕ್ಲಾಸಿನಲ್ಲಿ ತಿಂಗಳು ಸೊನ್ನೆಯಿಂದ ಶುರು, ಜನವರಿಯೇ 0. ಹಾಗಾಗಿ ಅದು ಮಾರ್ಚ್‌ನಿಂದ ಮೇ. 2014ರಲ್ಲಿ ಬಂದ ಜಾವಾ 8ರ ಹೊಸ ದಿನಾಂಕದ ಕ್ಲಾಸುಗಳಲ್ಲಿ ಜನವರಿ 1 ಆಯಿತು. ಬದಲಾಯಿಸುವಾಗ ಅಂಕಿಯನ್ನು ಹಾಗೇ ಬಿಟ್ಟಿದ್ದರೆ ರೈತರಿಗೆ ಮೇ ತಿಂಗಳ ಹೆಚ್ಚುವರಿ ಸದ್ದಿಲ್ಲದೆ ತಪ್ಪುತ್ತಿತ್ತು. ಟೆಸ್ಟು ಅಲ್ಲಿ ಕಾದಿತು.

ಇನ್ನು ಹೋಳು ಮಾಡುವ ಕೆಲಸ. ತಂಡದಲ್ಲಿ ಎರಡು ಅಭಿಪ್ರಾಯ ಎದ್ದವು. ಬಿಡಿಸುವುದಕ್ಕೆ ಒಂದು ಕ್ಲಾಸ್, ಪರಿಶೀಲನೆಗೆ ಒಂದು, ಲೆಕ್ಕಕ್ಕೆ ಒಂದು, ಉಳಿಸುವುದಕ್ಕೆ ಒಂದು, ಉತ್ತರಕ್ಕೆ ಒಂದು ಎನ್ನುವುದು ಹೆಚ್ಚಿನವರ ಮಾತು. ನೋಡಲು ಚೆಂದವೇ. ಧಾರವಾಡದವರು ಮಾತ್ರ ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಪ್ರಬಂಧವನ್ನು ಮೇಜಿನ ಮೇಲಿಟ್ಟರು. ಕೆಲಸ ನಡೆಯುವ ಹೆಜ್ಜೆಗಳ ಪ್ರಕಾರ ಪ್ರೋಗ್ರಾಮನ್ನು ಕತ್ತರಿಸಬೇಡಿ, ಮುಂದೆ ಬದಲಾಗಬಹುದಾದ ತೀರ್ಮಾನಗಳನ್ನು ಪಟ್ಟಿ ಮಾಡಿ ಒಂದೊಂದನ್ನೂ ಒಂದೊಂದು ಭಾಗದೊಳಗೆ ಅಡಗಿಸಿ ಎನ್ನುವುದು ಅದರ ತಿರುಳು.

ಹಾಗಾದರೆ ಡೈರಿಯಲ್ಲಿ ಬದಲಾಗುವುದೇನು? ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಕೋಲಾರದ ಕಡೆ ಇದ್ದರು. ಡೈರಿಯ ಲೆಕ್ಕಪತ್ರ ನೋಡುತ್ತಿದ್ದ ಹಿರಿಯರು, ಎಲ್ಲರ ಬಾಯಲ್ಲೂ ಲೆಕ್ಕದ ರಾಯರು. ಜಾವಾ ಅಂದರೆ ಏನೆಂದು ಅವರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇರಲಿಲ್ಲ. ನನ್ನ ಟೆಸ್ಟುಗಳ ನಮೂನೆಯನ್ನೆಲ್ಲ ಒಂದು ಪಟ್ಟಿಯಾಗಿ ಮುದ್ರಿಸಿ ತೆಗೆದುಕೊಂಡು ಹೋದೆ. ದಿನಾಂಕ, ಹೊತ್ತು, ಕೇಂದ್ರ, ಲೀಟರ್, ಜಿಡ್ಡು, ಓದು, ದರ, ಹಣ. ಟೆಸ್ಟು ಓಡಿಸುವ ಜೆಯೂನಿಟ್ ಓದುತ್ತಿದ್ದ ಕಡತವೇ ಅದು, ಹಾಳೆಯ ಮೇಲೆ ಬಂದಿತ್ತು ಅಷ್ಟೇ.

ರಾಯರು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದು ಸಾಲುಸಾಲಾಗಿ ನೋಡಿದರು. ನನಗೆ ಗೊಂದಲವಿದ್ದದ್ದು ಒಂದು ಸ್ಥಿರಾಂಕದ ಬಗ್ಗೆ. ಹಾಲಿನ ದರ ಜಿಡ್ಡಿನ ಮೇಲಷ್ಟೇ ನಿಲ್ಲುವುದಿಲ್ಲ, ಜಿಡ್ಡೇತರ ಘನಾಂಶದ ಮೇಲೂ ನಿಲ್ಲುತ್ತದೆ. ಎಲ್ಲರೂ ಎಸ್‌ಎನ್‌ಎಫ್ ಅನ್ನುವುದು ಅದನ್ನೇ. ಲ್ಯಾಕ್ಟೋಮೀಟರ್ ಇಟ್ಟುಕೊಂಡಿರುವ ಕೇಂದ್ರದಲ್ಲಿ ಅದನ್ನು ನೇರವಾಗಿ ಅಳೆಯುವುದಿಲ್ಲ. ಓದನ್ನು ನಾಲ್ಕರಿಂದ ಭಾಗಿಸಿ, ಜಿಡ್ಡಿನ ಒಂದಂಶ ಕೂಡಿಸಿ, ಮೇಲೆ ಒಂದು ಸ್ಥಿರಾಂಕ ಸೇರಿಸಿ ಲೆಕ್ಕ ಹಾಕುತ್ತಾರೆ. ನಮ್ಮ ಕೋಡಿನಲ್ಲಿ ಈ ಸೂತ್ರ ಮೂರು ಕಡೆ ಇತ್ತು. ಎರಡು ಕಡೆ ಸ್ಥಿರಾಂಕ 0.36, ಮೂರನೆಯ ಕಡೆ 0.44. ಒಂದೇ ಸೂತ್ರ ಮೂರು ಕಡೆ ಇದ್ದರೆ ಒಂದು ಮಾಡು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ, ಬೇರೆಯಾಗಿದ್ದರೆ ಒಂದು ಕಡೆ ಬೆರಳು ತಪ್ಪಿದೆ ಎನ್ನುವುದು ಮೊದಲ ಅನುಮಾನ.

"ಬೆರಳು ತಪ್ಪಿಲ್ಲಮ್ಮಾ" ಅಂದರು ರಾಯರು. "ಆ ನಾಲ್ಕೈದು ಸೆಂಟರ್‌ನವರ ಹತ್ರ ಇರೋ ಲ್ಯಾಕ್ಟೋಮೀಟ್ರೇ ಬೇರೆ. ಅದಕ್ಕೆ ಈ ಲೆಕ್ಕ ಹಾಕಿದ್ರೆ ಅವರ ರೈತರಿಗೆ ಮೋಸ ಆಗುತ್ತೆ."

ಲ್ಯಾಕ್ಟೋಮೀಟರುಗಳನ್ನು ಬೇರೆ ಬೇರೆ ಉಷ್ಣಾಂಶಕ್ಕೆ ಹೊಂದಿಸಿ ತಯಾರಿಸಿರುತ್ತಾರೆ, ಸ್ಥಿರಾಂಕವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಫ್ಲ್ಯಾಗ್1ರ ಗುಟ್ಟೂ ಅಂದೇ ಬಯಲಾಯಿತು. ಅದು ಕೇಂದ್ರದಲ್ಲಿ ಬಲ್ಕ್ ಕೂಲರ್ ಇದೆಯೋ ಇಲ್ಲವೋ ಎಂಬ ಗುರುತು. ಕೂಲರ್ ಇದ್ದರೆ ಲೀಟರಿಗೆ ಇಷ್ಟು ಎಂದು ತಂಪು ಮಾಡುವ ಖರ್ಚು ಸಿಗುತ್ತದೆ. ಅದು ಕೇಂದ್ರ ನಡೆಸುವವರ ಹಣ, ರೈತನದಲ್ಲ. ಕೋಡು ಎರಡನ್ನೂ ಒಂದೇ ಎಎಂಟಿ2ರೊಳಗೆ ಕೂಡಿಸಿ, ನೂರು ಸಾಲು ಕೆಳಗೆ ಮತ್ತೆ ಕಳೆಯುತ್ತಿತ್ತು. ಯಾರ ಹಣ ಎಂದು ಬೇರೆ ಮಾಡಿ ಬರೆದರೆ ಕೂಡುವುದೂ ಬೇಡ, ಕಳೆಯುವುದೂ ಬೇಡ.

ಇನ್ನೊಂದು ಸಾಲಿನ ಮೇಲೆ ಪೆನ್ನು ನಿಂತಿತು. "ಇದು ಹನ್ನೆರಡನೇ ತಾರೀಖಿನ ಹಾಲು. ಸುತ್ತೋಲೆ ಬಂದಿದ್ದು ಹದಿನಾರಕ್ಕೆ. ಹೊಸಾ ದರ ಯಾಕೆ ಬಂತು?"

ಕರೆಂಟು ಹೋದಾಗ ಕೆಲವು ಕೇಂದ್ರಗಳು ಹಾಲಿನ ವಿವರವನ್ನು ದಿನಗಳ ನಂತರ ಕಳಿಸುತ್ತಿದ್ದವು. ನಮ್ಮ ಕೋಡಿನಲ್ಲಿ ಇದ್ದದ್ದು ಒಂದೇ ದರ, ಆ ಕ್ಷಣದ ದರ. ತಡವಾಗಿ ಬಂದ ಹಳೇ ಹಾಲಿಗೂ ಹೊಸ ದರವೇ ಬೀಳುತ್ತಿತ್ತು. ರಾಯರು ಬೀರುವಿನಿಂದ ಲಾಡಿ ಕಟ್ಟಿದ ರಟ್ಟಿನ ಫೈಲು ತೆಗೆದರು. ಅದರಲ್ಲಿ ವರ್ಷಗಳ ಸುತ್ತೋಲೆಗಳು ತಾರೀಖಿನ ಪ್ರಕಾರ ಜೋಡಿಸಿದ್ದವು, ಪ್ರತಿಯೊಂದರ ನೆತ್ತಿಯ ಮೇಲೂ 'ಇಂದಿನಿಂದ ಜಾರಿ' ಎಂಬ ಸಾಲು. ಕ್ಲಾಸುಗಳ ಹೆಸರು ಏನಿರಬೇಕು ಎಂದು ನಾವು ಬೆಂಗಳೂರಿನಲ್ಲಿ ಜಗಳವಾಡುತ್ತಿದ್ದಾಗ ಬೇಕಾದ ವಿನ್ಯಾಸ ಇಲ್ಲಿ ಬೀರುವಿನಲ್ಲಿತ್ತು.

ವಾಪಸು ಬಂದ ಮೇಲೆ ಚಿತ್ರ ಸರಳವಾಯಿತು. ದರಪಟ್ಟಿ ಒಂದು ಕ್ಲಾಸ್, ಜಾರಿಯ ದಿನಾಂಕ ಅದರ ಒಡಲಲ್ಲೇ. ಕೇಂದ್ರ ಇನ್ನೊಂದು, ಯಾವ ಲ್ಯಾಕ್ಟೋಮೀಟರು, ಕೂಲರ್ ಇದೆಯೇ ಎಂಬುದು ಅದಕ್ಕೆ ಗೊತ್ತು. ಹಾಲಿನ ನಮೂನೆ ಮತ್ತೊಂದು, ಒಮ್ಮೆ ಹುಟ್ಟಿದರೆ ಬದಲಾಗದ ವಸ್ತು. ಪೈಸೆ ಹೇಗೆ ಸರಿಮಾಡಬೇಕು ಎನ್ನುವ ನಿಯಮ ತನ್ನದೇ ಜಾಗದಲ್ಲಿ. ಇವುಗಳಲ್ಲಿ ಯಾವುದಕ್ಕೂ ಎಚ್‌ಟಿಟಿಪಿ ಗೊತ್ತಿಲ್ಲ, ಡೇಟಾಬೇಸ್ ಗೊತ್ತಿಲ್ಲ. ಸರ್ವ್‌ಲೆಟ್ಟಿಗೆ ಉಳಿದದ್ದು ಬಿಡಿಸಿ ಕೊಡುವುದು, ಉತ್ತರ ಬರೆಯುವುದು. ಅದು ಒಂದು ಪರದೆಯಲ್ಲಿ ಹಿಡಿಯುವಷ್ಟಾಯಿತು.

ಡೇಟಾಬೇಸಿನ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಟಿಸಿದ ಎಸ್‌ಕ್ಯೂಎಲ್ ಜಾಗದಲ್ಲಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಂತು. ದೋಷ ಬಂದಾಗ ಕನೆಕ್ಷನ್ ಮುಚ್ಚದೆ ಬಿಟ್ಟುಹೋಗುತ್ತಿದ್ದದ್ದು ಜಾವಾ 7ರ ಟ್ರೈ ವಿತ್ ರಿಸೋರ್ಸಸ್‌ನಿಂದ ನಿಂತಿತು. ಅದುವರೆಗೆ ಪ್ರತಿ ರಾತ್ರಿ ಟಾಮ್‌ಕ್ಯಾಟನ್ನು ತಾನಾಗಿ ನಿಲ್ಲಿಸಿ ಶುರುಮಾಡುವ ಏರ್ಪಾಡಿತ್ತು, ತಲೆನೋವಿಗೆ ದಿನಾ ಮಾತ್ರೆ ನುಂಗಿದ ಹಾಗೆ. ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಬೆಳಗ್ಗೆ ಎಲ್ಲ ಕೇಂದ್ರಗಳೂ ಒಟ್ಟಿಗೆ ಮುಗಿಬಿದ್ದಾಗ ಅಪರೂಪಕ್ಕೊಮ್ಮೆ ಒಬ್ಬರ ರಸೀದಿಯಲ್ಲಿ ಇನ್ನೊಬ್ಬರ ತಾರೀಖು ಕಾಣುತ್ತಿತ್ತು. ಎಲ್ಲ ಥ್ರೆಡ್ಡುಗಳೂ ಒಂದೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ ವಸ್ತುವನ್ನು ಹಂಚಿಕೊಂಡದ್ದರ ಫಲ ಅದು. ಅದು ಹಂಚಿಕೊಳ್ಳುವ ವಸ್ತುವಲ್ಲ.

ಪೈಸೆಯ ವಿಷಯಕ್ಕೆ ಮಾತ್ರ ನಿಧಾನವಾಗಿ ಬರಬೇಕು. ಹಳೇ ಕೋಡು ಹಣವನ್ನು ಡಬಲ್ ಎಂಬ ಬಗೆಯ ಸಂಖ್ಯೆಯಲ್ಲಿಟ್ಟು, ನೂರರಿಂದ ಗುಣಿಸಿ, ಪೂರ್ಣಾಂಕಕ್ಕೆ ಇಳಿಸಿ ಪೈಸೆ ಮಾಡುತ್ತಿತ್ತು. ಪೂರ್ಣಾಂಕಕ್ಕೆ ಇಳಿಸುವಾಗ ಜಾವಾ ಬಿಂದುವಿನಾಚೆಗಿನದನ್ನು ಕತ್ತರಿಸಿಬಿಡುತ್ತದೆ. ಅದರ ಮೇಲೆ ಡಬಲ್‌ನ ಇನ್ನೊಂದು ಗುಣವಿದೆ. ಅದು ಸಂಖ್ಯೆಯನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 4.35ರಂಥ ಅಂಕಿಯನ್ನು ಅದು ನಿಖರವಾಗಿ ಹಿಡಿಯಲಾರದು. 4.35ನ್ನು 100ರಿಂದ ಗುಣಿಸಿದರೆ ಬರುವುದು 434.99999999999994. ಕತ್ತರಿಸಿದರೆ 434. ಒಂದು ಪೈಸೆ ಮಾಯ. ಸರಿಯಾಗಿ ಪೈಸೆಗೆ ನಿಲ್ಲುವ ಮೊತ್ತದಲ್ಲೇ ಕೆಲವೊಮ್ಮೆ ಹೀಗೆ. ಮೂರು ನಾಲ್ಕು ದಶಾಂಶ ಬರುವ ಮೊತ್ತಗಳಲ್ಲಿ ಅರ್ಧಕ್ಕಿಂತ ಹೆಚ್ಚಿದ್ದರೂ ಬಿಟ್ಟುಹೋಗುವುದು ಖಾಯಂ.

ತಿದ್ದಬೇಕು ಎಂದು ಕೈ ತುರಿಸಿತು. ದಶಾಂಶವನ್ನು ನಿಖರವಾಗಿ ಇಡುವ ಜಾವಾದ ಬಿಗ್‌ಡೆಸಿಮಲ್ ಹಾಕಿದರೆ ಮುಗಿಯಿತು. ಆದರೆ ಅದು ರಿಫ್ಯಾಕ್ಟರಿಂಗ್ ಆಗುವುದಿಲ್ಲ. ಹೊರಗೆ ಹೋಗುವ ಹಣ ಬದಲಾಗುತ್ತದೆ. ಕೆಂಟ್ ಬೆಕ್ ಇದನ್ನು ಎರಡು ಟೋಪಿಗಳ ಮಾತಾಗಿ ಹೇಳುತ್ತಿದ್ದರು ಎಂದು ಫೌಲರ್ ಬರೆದಿದ್ದಾರೆ: ರಚನೆ ಸರಿಪಡಿಸುವಾಗ ಒಂದು ಟೋಪಿ, ನಡವಳಿಕೆ ಬದಲಿಸುವಾಗ ಇನ್ನೊಂದು, ಒಮ್ಮೆಗೆ ಒಂದೇ. ಹಾಗಾಗಿ ಹಳೇ ಕತ್ತರಿಸುವ ಲೆಕ್ಕವನ್ನು ಡಬಲ್ ಸಮೇತ ಒಂದು ಚಿಕ್ಕ ಕ್ಲಾಸಿನೊಳಗೆ ಯಥಾಪ್ರಕಾರ ಕೂರಿಸಿ, ರಾಯರಿಗೆ ಫೋನ್ ಮಾಡಿದೆ.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದು ಹಂಗೇ ಇತ್ತು ಬಿಡಮ್ಮಾ. ಪ್ರತಿ ಬಟವಾಡೆಗೂ ನನ್ನ ಲೆಕ್ಕಕ್ಕೂ ನಿಮ್ಮ ಕಂಪ್ಯೂಟರ್‌ಗೂ ತಾಳೆ ಆಗ್ತಿರಲಿಲ್ಲ. 'ಪೈಸೆ ವ್ಯತ್ಯಾಸ' ಅಂತ ಒಂದು ಖಾತೆ ಮಾಡಿ ಅದಕ್ಕೆ ಹಾಕ್ತಾ ಬಂದಿದೀನಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ ಸರ್?"

"ಕಂಪ್ಯೂಟರ್ ಲೆಕ್ಕ ತಪ್ಪು ಅಂತ ಯಾರಿಗೆ ಹೇಳಲಿ? ಅದರೊಳಗೆ ಏನಿದೆ ಅಂತ ನನಗೆ ಯಾರು ತೋರ್ಸಿದ್ರು?"

ನನ್ನ ಮಟ್ಟಿಗೆ ಇಡೀ ಕೆಲಸದ ತಾತ್ಪರ್ಯ ಆ ಕೊನೆಯ ಪ್ರಶ್ನೆಯಲ್ಲಿದೆ. ದರದ ನಿಯಮ ಬಲ್ಲ ಮನುಷ್ಯ ಒಂದು ಕಡೆ, ದರ ಹಾಕುವ ಯಂತ್ರ ಇನ್ನೊಂದು ಕಡೆ. ನಡುವೆ ಏಳುನೂರು ಸಾಲು ಅಡ್ಡ ನಿಂತಿದ್ದರಿಂದ ಅವರು ತಪ್ಪನ್ನು ತಪ್ಪು ಎನ್ನಲಾರದೆ ಅದಕ್ಕೊಂದು ಖಾತೆ ತೆರೆದಿದ್ದರು.

ಮೊದಲ ಹಂತವನ್ನು ಹಳೇ ಪೈಸೆಯ ಲೆಕ್ಕದೊಂದಿಗೇ ಬಿಟ್ಟೆವು. ಒಂದು ಬಟವಾಡೆಯ ಅವಧಿಯುದ್ದಕ್ಕೂ ಹಳೇದು ಹೊಸದು ಎರಡೂ ಓಡಿದವು. ಉತ್ತರ ಹೋಗುತ್ತಿದ್ದದ್ದು ಹಳೆಯದರಿಂದ, ವ್ಯತ್ಯಾಸ ಬಂದರೆ ಮಾತ್ರ ದಾಖಲಾಗುತ್ತಿತ್ತು. ದಾಖಲೆ ಖಾಲಿಯಾಗಿಯೇ ಉಳಿದ ಮೇಲೆ ಹಳೆಯದನ್ನು ತೆಗೆದೆವು. ಪೈಸೆಯ ಬದಲಾವಣೆಗೆ ಡೈರಿಯ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತಂದವರು ರಾಯರೇ: ಅರ್ಧ ಪೈಸೆ ಮತ್ತು ಮೇಲ್ಪಟ್ಟದ್ದು ರೈತನಿಗೆ.

ಆಗ ಮುಟ್ಟಬೇಕಾದದ್ದು ಆ ಚಿಕ್ಕ ಕ್ಲಾಸು ಮತ್ತು ಅಂಕಿಗಳನ್ನು ಓದಿಕೊಳ್ಳುವ ಜಾಗ, ಅಷ್ಟೇ. ಬಿಗ್‌ಡೆಸಿಮಲ್‌ಗೆ ಡಬಲ್ ಕೊಟ್ಟರೆ ಡಬಲ್‌ನ ಕೊಳೆಯೂ ಜೊತೆಗೇ ಬರುತ್ತದೆ, ಆದ್ದರಿಂದ ಕೇಂದ್ರದಿಂದ ಬಂದ ಅಕ್ಷರಗಳಿಂದಲೇ ನೇರ ಕಟ್ಟಬೇಕು. ಜೋಡಿ ಓಟವನ್ನು ಈ ಸಲವೂ ನಡೆಸಿದೆವು. ಕೆಲವು ಕೇಂದ್ರಗಳ ಸಂದೇಶಗಳು ಹೊಸ ಕೋಡಿನಲ್ಲಿ ಬಿದ್ದುಹೋದವು. ನೋಡಿದರೆ ಅವರ ಹಳೇ ಯಂತ್ರ ಜಿಡ್ಡಿನ ಅಂಕಿಯ ಹಿಂದೆ ಒಂದು ಖಾಲಿ ಜಾಗ ಸೇರಿಸಿ ಕಳಿಸುತ್ತಿತ್ತು. ಡಬಲ್ ಓದುವ ಜಾವಾ ಮೆಥಡ್ ಹಿಂದುಮುಂದಿನ ಖಾಲಿ ಜಾಗವನ್ನು ತಾನೇ ಬಿಟ್ಟು ಓದುತ್ತದೆ, ಬಿಗ್‌ಡೆಸಿಮಲ್ ಅದನ್ನು ಸಹಿಸುವುದಿಲ್ಲ. ಜಾವಾದ ಆ ಔದಾರ್ಯದ ಮೇಲೆ ಯಾವುದೋ ಹಳ್ಳಿಯ ಬಟವಾಡೆ ನಿಂತಿತ್ತು ಎನ್ನುವುದು ಯಾವ ಕಡತದಲ್ಲೂ ಬರೆದಿರಲಿಲ್ಲ. ಪಟ್ಟಿಗೆ ಇನ್ನೊಂದು ಸಾಲು ಸೇರಿತು.

ಮುಂದಿನ ಬೇಸಿಗೆಯ ದರ ಏರಿಕೆ ಒಂದು ಕಡತದಲ್ಲಿ ಮುಗಿಯಿತು. 'ಪೈಸೆ ವ್ಯತ್ಯಾಸ' ಖಾತೆಯನ್ನು ರಾಯರು ವರ್ಷಾಂತ್ಯಕ್ಕೆ ಮುಚ್ಚಿದರು.

ಆಮೇಲೆ ಕೆಲವು ವರ್ಷಕ್ಕೆ ಆ ಸರ್ವೀಸನ್ನು ಬೇರೊಂದು ತಂಡ ಸ್ಪ್ರಿಂಗ್ ಬೂಟ್‌ನಲ್ಲಿ ಹೊಸದಾಗಿ ಬರೆಯಿತು. ನಾನು ಹೆಸರಿಟ್ಟ ಕ್ಲಾಸುಗಳಲ್ಲಿ ಹೆಚ್ಚಿನವು ಅಲ್ಲಿ ಇಲ್ಲ. ದರಪಟ್ಟಿಯನ್ನು ಈಗ ಲೆಕ್ಕದವರೇ ಪರದೆಯ ಮೇಲೆ ತುಂಬುತ್ತಾರಂತೆ, ಅದು ಸರಿಯಾದ ಜಾಗವೇ. ಹೊಸ ತಂಡ ನಮ್ಮಿಂದ ಕೇಳಿ ಪಡೆದದ್ದು ಒಂದನ್ನೇ, ರಾಯರು ಕೆಂಪು ಪೆನ್ನಿನಲ್ಲಿ ನೋಡಿದ ಆ ನಮೂನೆಗಳ ಪಟ್ಟಿ.

ಈಗ ಕಿರಿಯರು ತಾವು ಶುದ್ಧ ಮಾಡಿದ ಕೋಡನ್ನು ನೋಡಲು ಕೊಟ್ಟಾಗ ನಾನು ಕ್ಲಾಸುಗಳ ಸಂಖ್ಯೆಯನ್ನಾಗಲಿ ಮೆಥಡ್ಡುಗಳ ಉದ್ದವನ್ನಾಗಲಿ ಮೊದಲು ನೋಡುವುದಿಲ್ಲ. ಈ ನಿಯಮ ತಪ್ಪಿದ್ದರೆ ಅದನ್ನು ಹಿಡಿಯಬಲ್ಲ ಮನುಷ್ಯ ಯಾರು, ಅವರ ಕಣ್ಣಿಗೆ ಇದು ಬೀಳುವುದು ಎಲ್ಲಿ ಎಂದು ಕೇಳುತ್ತೇನೆ. ಕೆಲವರು ತಕ್ಷಣ ಒಬ್ಬರ ಹೆಸರು ಹೇಳಿ ಒಂದು ಕಡತ ತೆರೆದು ತೋರಿಸುತ್ತಾರೆ. ಉತ್ತರ ಸಿಗದವರನ್ನು ಒಂದು ದಿನದ ಮಟ್ಟಿಗೆ ಗಿರಾಕಿಯ ಲೆಕ್ಕದ ಮನೆಗೆ ಕಳಿಸುತ್ತೇನೆ.